ಮೂವತ್ತೆಂಟು ಉಡಗಳು

ನಮ್ಮವ್ವ ಬೆಟ್ಟಮ್ಮನ ಆರು ಕೋಳಿಗಳಲ್ಲಿ ನಾಲ್ಕು ಮೊಟ್ಟೆ ಇಡುತ್ತಿದ್ದವು. ಕಳೆದ ವರ್ಷ ಮಾರ್ಚ್ ತಿಂಗಳಲ್ಲಿ ಆ ಮೊಟ್ಟೆಗಳು ದಿನಕ್ಕೆ ಎರಡರಂತೆ ಕಾಣೆಯಾಗತೊಡಗಿದವು. ಅವ್ವ ಮುಂಗುಸಿಯನ್ನು ಬೈದಳು, ಪಕ್ಕದ ಮನೆಯ ನಾಯಿಯನ್ನು ಬೈದಳು. ನಾನು ಅಪ್ಪನ ಕೈ ನೋಡಿದೆ. ಅವನ ಉಗುರಿನ ಸಂದಿಯಲ್ಲಿ ಕುಂಕುಮ ಮೆತ್ತಿತ್ತು.

ಅದರಲ್ಲೇನು ಮಹಾ ಅನ್ನಬೇಡಿ. ನಮ್ಮ ಮನೆಯಲ್ಲಿ ಕುಂಕುಮದ ಬಟ್ಟಲೇ ಇಲ್ಲ. ನಾನು ಹೈಸ್ಕೂಲಿಗೆ ಸೇರಿದ ವರ್ಷ ಅಪ್ಪ ದೇವರ ಪಟಗಳನ್ನೆಲ್ಲ ಇಳಿಸಿ, ಬುದ್ಧನದೊಂದು ಬಾಬಾಸಾಹೇಬರದೊಂದು ಎರಡೇ ಫೋಟೊ ಗೋಡೆಗೆ ಹಾಕಿದವನು. ಅಂಥ ಅರವತ್ತನಾಲ್ಕರ ಮುದುಕ ಬೆಳಿಗ್ಗೆ ಐದೂವರೆಗೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟು, ಏಳು ಗಂಟೆಗೆ ಉಗುರಲ್ಲಿ ಕುಂಕುಮ ಇಟ್ಟುಕೊಂಡು ವಾಪಸು ಬರುತ್ತಾನೆ ಅಂದರೆ ಯಾರಿಗೆ ತಾನೆ ಅನುಮಾನ ಬರುವುದಿಲ್ಲ? ಅವ್ವನಿಗೆ ಬರಲಿಲ್ಲ. ನಮ್ಮ ಮನೆಯ ಅನುಮಾನವೆಲ್ಲ ನನ್ನ ಪಾಲಿಗೇ ಬಂದಿದೆ.

ಸುಮ್ಮನೆ ಬಂದದ್ದಲ್ಲ ಅದು. ನನಗೆ ಎಂಟು ವರ್ಷವಿದ್ದಾಗ ಕೊಣನೂರು ಸಂತೆಯಲ್ಲಿ ಅರಣ್ಯ ಇಲಾಖೆಯವರು ಅಪ್ಪನನ್ನು ಹಿಡಿದರು. ಗೋಣಿಚೀಲದಲ್ಲಿ ಎರಡು ಜೀವಂತ ಉಡ ಇದ್ದವು. ಕೊಳ್ಳಲು ಬಂದಿದ್ದ ಹೊರಗಿನವನು ಜನರ ಮಧ್ಯೆ ಜಾರಿಕೊಂಡ, ಚೀಲ ಹಿಡಿದಿದ್ದವನು ಸಿಕ್ಕಿಬಿದ್ದ. ಅಪ್ಪ ಹಾಸನದ ಜೈಲಿನಲ್ಲಿ ಇಪ್ಪತ್ತಾರು ದಿನ ಇದ್ದು ಬಂದ. ಆ ಇಪ್ಪತ್ತಾರು ದಿನವೂ ಸ್ಕೂಲಿನಲ್ಲಿ ನನ್ನನ್ನು ಉಡದ ಮರಿ ಅಂತ ಕರೆದರು. ಬಂದವನು ಇನ್ನು ಆ ಕೆಲಸ ಮುಟ್ಟುವುದಿಲ್ಲ ಅಂದ, ಮುಟ್ಟಲೂ ಇಲ್ಲ. ಆದರೂ ಅವನು ಯಾವತ್ತಾದರೂ ತಡವಾಗಿ ಮನೆಗೆ ಬಂದರೆ ನಾನು ಮೊದಲು ನೋಡುವುದು ಅವನ ಚೀಲವನ್ನೇ.

ನಮ್ಮೂರು ಬೋರೆಕೊಪ್ಪಲು. ಕೊಣನೂರಿನಿಂದ ಆರು ಕಿಲೋಮೀಟರ್. ಊರ ಹಿಂದೆ ಕಲ್ಲುಬೋರೆ ಅಂತ ಒಂದು ಗುಡ್ಡ, ಬಂಡೆ, ಲಂಟಾನದ ಪೊದೆ, ಆಳೆತ್ತರದ ಹುತ್ತಗಳು. ಉಡಕ್ಕೆ ಇನ್ನೇನು ಬೇಕು? ಬಂಡೆಯ ಮೇಲೆ ಬಿಸಿಲು ಕಾಯುತ್ತದೆ, ಸದ್ದಾದರೆ ಸಂದಿಗೆ ನುಗ್ಗುತ್ತದೆ, ಮಳೆ ಬಿದ್ದ ಮೇಲೆ ಹುತ್ತ ಕೆದರಿ ಮೊಟ್ಟೆಯಿಟ್ಟು ಮುಚ್ಚುತ್ತದೆ. ಅದನ್ನು ಹಿಡಿದರೆ ಜೈಲು ಅನ್ನುವುದು ನಮ್ಮೂರಿನ ಮಕ್ಕಳಿಗೂ ಗೊತ್ತು.

ಹೀಗಿರುವಾಗ ಜನವರಿಯಲ್ಲಿ ಒಂದು ಯೋಜನೆ ಬಂತು. ಮೇಲಿನ ಯಾವುದೋ ಸಮಿತಿ ನಮ್ಮ ಭಾಗದ ಕೆಲವು ಗುಡ್ಡಗಳಲ್ಲಿ ಪ್ರಯೋಗ ಮಾಡುತ್ತದಂತೆ. ಕಾಡಿನ ಉಡವನ್ನು ಲೆಕ್ಕ ಹಾಕಿ, ಸಂತತಿ ಕಡಿಮೆಯಾಗದಷ್ಟು ಮಾತ್ರ ಹಿಡಿದು, ಚರ್ಮವನ್ನು ಹೊರದೇಶಕ್ಕೆ ಕಳಿಸುವುದಂತೆ. ಕೈಗಡಿಯಾರದ ಪಟ್ಟಿಗೆ, ಹೆಂಗಸರ ಪರ್ಸಿಗೆ. ಕೇಳಿದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ನಿನ್ನೆಯವರೆಗೆ ಜೈಲಿಗೆ ಹಾಕುತ್ತಿದ್ದವರು ಇವತ್ತು ಲೈಸೆನ್ಸು ಕೊಡುತ್ತೇವೆ ಅಂದರೆ ಅದರೊಳಗೆ ಯಾರದೋ ಹೊಟ್ಟೆ ಇರಲೇಬೇಕು. ಆ ಹೊಟ್ಟೆಯವನೂ ಬಂದಿದ್ದ. ರಜನೀಶ್ ಅಂತ, ರಫ್ತು ಮಾಡುವ ಕಂಪನಿಯವನು. ನಕ್ಕರೆ ಹಲ್ಲೆಲ್ಲ ಕಾಣುತ್ತಿತ್ತು, ಕಣ್ಣು ಮಾತ್ರ ನಗುತ್ತಿರಲಿಲ್ಲ.

ಎಣಿಸಲು ಬಂದವಳು ನಿಸರ್ಗ. ಹಾಸನದ ಹುಡುಗಿ, ಜಮೀನಿರುವ ಮನೆತನ, ಹಲ್ಲಿ ಹಾವುಗಳ ಮೇಲೆ ಡಾಕ್ಟರೇಟು ಮಾಡಿದವಳು. ಬಿ.ಎ. ಓದಿದವಳು ಬೇಕು ಅಂತ ನನ್ನನ್ನು ದಿನಗೂಲಿಗೆ ಸಹಾಯಕಿಯಾಗಿ ಸೇರಿಸಿಕೊಂಡಳು. ಎರಡನೇ ದಿನ ನಮ್ಮ ಮನೆಗೆ ಬಂದು, ಆ ಎರಡು ಫೋಟೊಗಳ ಕೆಳಗೆ ಕುಳಿತು, ಅವ್ವ ಬಡಿಸಿದ ಮುದ್ದೆ ಬಸ್ಸಾರು ಉಂಡಳು. ಉಂಡದ್ದಕ್ಕೆ ಅವ್ವ ಕರಗಿಹೋದಳು. ನಾನು ಮಾತ್ರ, ಇವಳು ಯಾಕೆ ಉಂಡಳು, ಇವಳಿಗೆ ನಮ್ಮಿಂದ ಏನಾಗಬೇಕಾಗಿದೆ ಅಂತ ಯೋಚಿಸುತ್ತಾ ಕುಳಿತೆ.

ಯೋಜನೆಯ ನಿಯಮಗಳನ್ನು ಪಂಚಾಯಿತಿ ಹಾಲಿನಲ್ಲಿ ಊರವರಿಗೆ ಕನ್ನಡದಲ್ಲಿ ಓದಿ ಹೇಳಿದವಳು ನಾನೇ. ಒಂದು ಗುಡ್ಡದಲ್ಲಿ ನೂರು ಉಡ ಕಂಡರೆ ವರ್ಷಕ್ಕೆ ಹನ್ನೆರಡು ಹಿಡಿಯಬಹುದು. ಮೂವತ್ತಕ್ಕಿಂತ ಕಡಿಮೆ ಕಂಡರೆ ಆ ಗುಡ್ಡ ಮುಚ್ಚಿದಂತೆ, ಒಂದನ್ನೂ ಮುಟ್ಟುವಂತಿಲ್ಲ. ಇನ್ನೊಂದು ನಿಯಮ ಆಗಷ್ಟೇ ಸೇರಿಸಿದ್ದರು. ಹಾಸನದ ಕಡೆಯ ಒಂದು ಊರಿನಲ್ಲಿ ಎಣಿಸುವ ಹುಡುಗರು ಬೂಟು ಹಾಕಿಕೊಂಡು ಹುತ್ತ ಹತ್ತಿ ದೊಡ್ಡ ಗಲಾಟೆಯಾಗಿತ್ತು. ಅದಕ್ಕೆ, ಪೂಜೆ ನಡೆಯುವ ಹುತ್ತದ ಸುತ್ತ ಇಪ್ಪತ್ತು ಹೆಜ್ಜೆ ಯಾರೂ ಕಾಲಿಡಕೂಡದು, ಅಲ್ಲಿ ಎಣಿಸಲೂ ಕೂಡದು ಅಂತ ಬರೆದಿದ್ದರು. ಊರವರು ತಲೆಯಾಡಿಸಿ ಕಾಫಿ ಕುಡಿದು ಎದ್ದು ಹೋದರು.

ಫೆಬ್ರವರಿಯ ಮೊದಲ ವಾರ ಗುಡ್ಡದ ಮೇಲೆ ಸುಣ್ಣದ ಗೆರೆ ಎಳೆದು, ಗೆರೆ ಹಿಡಿದು ನಡೆದು ಎಣಿಸಿದೆವು. ಅರವತ್ತೊಂದು ಉಡ ಕಂಡವು. ಮಾರ್ಚ್‌ನಲ್ಲಿ ಅದೇ ಗೆರೆ ನಡೆದರೆ ನಲವತ್ತನಾಲ್ಕು. ಅಲ್ಲಲ್ಲಿ ಹುತ್ತಗಳಿಗೆ ಅರಿಸಿನ ಕುಂಕುಮ ಬಿದ್ದಿತ್ತು. ಅಂಥ ಕಡೆ ನಿಸರ್ಗ ಇಪ್ಪತ್ತು ಹೆಜ್ಜೆ ಬಿಟ್ಟು ಸುತ್ತಿಕೊಂಡು ಹೋಗುತ್ತಿದ್ದಳು, ನಾನೂ ಹಿಂದೆ ಹೋಗುತ್ತಿದ್ದೆ. ಯಾರದೋ ಮನೆಯ ಹರಕೆ ಇರಬೇಕು ಅಂದುಕೊಂಡೆ. ನನ್ನ ತಲೆ ಕಡಿಮೆಯಾದ ಉಡಗಳ ಮೇಲಿತ್ತು, ಹುತ್ತದ ಮೇಲಲ್ಲ. ಲೋಕದವರ ಮೇಲೆಲ್ಲ ಅನುಮಾನಪಡುವ ನಾನು ಕಣ್ಣೆದುರಿನ ಕುಂಕುಮಕ್ಕೂ ಅಪ್ಪನ ಉಗುರಿಗೂ ಗಂಟು ಹಾಕದೆ ಹೋದೆನಲ್ಲ, ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಏಪ್ರಿಲ್‌ನಲ್ಲಿ ಇಪ್ಪತ್ತಮೂರು ಕಂಡವು.

ಅಷ್ಟೇ. ಎರಡು ತಿಂಗಳಲ್ಲಿ ಮೂವತ್ತೆಂಟು ಉಡ ಎಲ್ಲಿ ಹೋದವು? ಕಲ್ಲುಬೋರೆಯ ಯಾವ ಸಂದಿಯಲ್ಲಿ ಯಾವ ಉಡ ಇದೆ ಅಂತ ಗೊತ್ತಿರುವವನು ಊರಲ್ಲಿ ಒಬ್ಬನೇ. ಅವನು ಬೆಳಗಾಗುವ ಮುಂಚೆ ಮನೆ ಬಿಡುತ್ತಾನೆ. ಅವ್ವನ ಮೊಟ್ಟೆ ಕಾಣೆಯಾಗುತ್ತಿವೆ. ಮೊಟ್ಟೆ ಅಂದರೆ ಉಡಕ್ಕೆ ಪ್ರಾಣ.

ಮರುದಿನ ನಸುಕಿನಲ್ಲೇ ಅಪ್ಪ ಸ್ನಾನಕ್ಕೆ ಹೋದಾಗ ಅವನ ಚೀಲ ಬಿಚ್ಚಿದೆ. ಬಟ್ಟೆಯಲ್ಲಿ ಸುತ್ತಿದ ಎರಡು ಮೊಟ್ಟೆ, ಒಂದು ಕುಂಕುಮದ ಪೊಟ್ಟಣ, ಒಂದು ಅರಿಸಿನದ ಪೊಟ್ಟಣ. ಮೊಟ್ಟೆ ಯಾಕೆ ಅಂತ ಅರ್ಥವಾಯಿತು, ಕುಂಕುಮ ಯಾಕೆ ಅಂತ ಆಗಲಿಲ್ಲ. ಯಾವನೋ ಮಂತ್ರವಾದಿಗೆ ಉಡ ಸಾಗಿಸುತ್ತಿದ್ದಾನೆ ಅನ್ನಿಸಿ ಮೈ ಉರಿದುಹೋಯಿತು. ಕೇಳಲಿಲ್ಲ. ಕೇಳಿದರೆ ಅವನು ಸುಳ್ಳು ಹೇಳುತ್ತಾನೆ, ಆ ಸುಳ್ಳನ್ನು ಕೇಳುವ ಶಕ್ತಿ ನನಗಿರಲಿಲ್ಲ. ಅದೇ ಸಿಟ್ಟಿನಲ್ಲಿ ಕೆಲಸಕ್ಕೆ ಹೋದೆ. ಗುಡ್ಡದ ಮೇಲೆ ನಿಸರ್ಗ, ಯಾಕಕ್ಕ ಸಪ್ಪಗಿದ್ದೀರಿ ಅಂತ ಕೇಳಿದ್ದೇ ತಡ, ನಾಲಿಗೆ ಜಾರಿತು. ಮೊಟ್ಟೆ, ಚೀಲ, ಬೆಳಗಿನ ಓಡಾಟ, ಎಲ್ಲ ಹೇಳಿಬಿಟ್ಟೆ. ಅವಳು ಸಂಖ್ಯೆ ಏಕೆ ಕುಸಿಯಿತು ಅಂತ ಇಲಾಖೆಗೆ ಕಾರಣ ಬರೆದುಕೊಡಬೇಕಿತ್ತು. ಬರೆದುಕೊಟ್ಟಳು.

ಮೂರನೇ ದಿನ ಬೆಳಿಗ್ಗೆ ಎಂಟಕ್ಕೆ ಅರಕಲಗೂಡಿನಿಂದ ಜೀಪು ಬಂತು. ವಲಯ ಅರಣ್ಯಾಧಿಕಾರಿ ರವೀಂದ್ರ ಅವರೇ ಬಂದಿದ್ದರು. ಅಪ್ಪನ ಚೀಲ ಅವರೂ ಬಿಚ್ಚಿದರು, ಅವೇ ಪೊಟ್ಟಣಗಳು, ಮಾರನೆಯ ದಿನಕ್ಕೆ ಎತ್ತಿಟ್ಟ ಮೊಟ್ಟೆ ಸಿಕ್ಕವು. ಹಳೇ ಕೇಸಿನ ಕಾಗದ ಅವರ ಕೈಯಲ್ಲೇ ಇತ್ತು. ಎರಡನೇ ಸಲ ಅಂದರೆ ಇಪ್ಪತ್ತಾರು ದಿನಕ್ಕೆಲ್ಲ ಮುಗಿಯುವುದಿಲ್ಲ, ವರ್ಷಗಟ್ಟಲೆ ಆಗುತ್ತದೆ, ನಾಳೆ ಹನ್ನೊಂದು ಗಂಟೆಗೆ ಕೋರ್ಟಿಗೆ ಹಾಜರುಪಡಿಸುತ್ತೇವೆ ಅಂದರು. ಅಪ್ಪ ಜೀಪು ಹತ್ತಿದ. ಅವ್ವ ನನ್ನ ಕೈ ಹಿಡಿದುಕೊಂಡು, ಯಾರು ಹೇಳಿಕೊಟ್ಟರೋ ಅವರ ನಾಲಿಗೆ ಸೇದಿಹೋಗಲಿ ಅಂತ ಶಾಪ ಹಾಕಿದಳು. ನಾನು ಕೈ ಬಿಡಿಸಿಕೊಂಡೆ.

ಅರಕಲಗೂಡಿನ ಬಸ್ಸಿಗೆ ಹೋಗುವ ಬದಲು ಬೋರೆಗೆ ಓಡಿದೆ. ನಿಜ ಹೇಳುತ್ತೇನೆ, ಸಾಕ್ಷಿ ನಾಶ ಮಾಡಲು ಓಡಿದೆ. ಉರುಳೋ ಬಲೆಯೋ ಗುದ್ದಲಿಯೋ ಸಿಕ್ಕಿದರೆ ಜೀಪಿನವರು ಹುಡುಕುವ ಮುಂಚೆ ಬಾವಿಗೆ ಹಾಕೋಣ ಅಂತ. ಅಪ್ಪ ಕಳ್ಳ ಅನ್ನುವುದರಲ್ಲಿ ನನಗೆ ಸಂಶಯವಿರಲಿಲ್ಲ. ಕಳ್ಳನಾದರೂ ಅಪ್ಪ ತಾನೆ.

ಅಂಗೈ ಗೀರಿಕೊಂಡು ಪೊದೆಯೆಲ್ಲ ತಡಕಿದೆ. ಏನೂ ಸಿಗಲಿಲ್ಲ. ಸುಸ್ತಾಗಿ ಕುಂಕುಮ ಬಿದ್ದ ಒಂದು ಹುತ್ತದ ಬಳಿ ಕುಳಿತೆ. ಹುತ್ತದ ಬುಡದಲ್ಲಿ ಒಂದು ಮೊಟ್ಟೆ ಇತ್ತು. ನಮ್ಮ ಕೋಳಿಯದೇ, ಸಣ್ಣದು, ತುದಿ ಚೂಪು. ನಮ್ಮ ಕಡೆ ಷಷ್ಠಿಯ ದಿನ ಹುತ್ತಕ್ಕೆ ತನಿ ಎರೆಯುವಾಗ ಹಾಲಿನ ಜೊತೆ ಮೊಟ್ಟೆ ಇಡುವ ವಾಡಿಕೆ ಇದೆ. ಆದರೆ ಇದು ಷಷ್ಠಿಯಲ್ಲ. ಅಷ್ಟರಲ್ಲಿ ಬಂಡೆಯ ಸಂದಿಯಿಂದ ಒಂದು ಉಡ ತಲೆ ಹಾಕಿತು. ನಾಲಿಗೆ ಚಾಚಿ ಚಾಚಿ ಗಾಳಿ ಮೂಸಿ, ಬಂದು, ಮೊಟ್ಟೆಯನ್ನು ಬಾಯಿಗೆ ತೆಗೆದುಕೊಂಡಿತು. ಅದರ ಹಿಂದೆ ಇನ್ನೊಂದು. ಹುತ್ತದ ಆಚೆ ಬಂಡೆಯ ಮೇಲೆ ಮತ್ತೊಂದು ಬಿಸಿಲಿಗೆ ಮೈ ಚೆಲ್ಲಿ ಮಲಗಿತ್ತು. ಎದ್ದು ಮುಂದಿನ ಕುಂಕುಮದ ಹುತ್ತಕ್ಕೆ ಹೋದೆ. ಅಲ್ಲೂ ಮೂರು ಕಂಡವು.

ಆಗ ನೆನಪಾಯಿತು. ಪಂಚಾಯಿತಿ ಹಾಲಿನಲ್ಲಿ ನಾನು ನಿಯಮ ಓದಿ ಮುಗಿಸಿದಾಗ ಕೊನೆಯಲ್ಲಿ ಕುಳಿತಿದ್ದ ಅಪ್ಪ ಒಂದೇ ಒಂದು ಪ್ರಶ್ನೆ ಕೇಳಿದ್ದ. ಹುತ್ತಕ್ಕೆ ಪೂಜೆ ಆಗಿದೆ ಅಂತ ಇವರಿಗೆ ಹೇಗೆ ಗೊತ್ತಾಗುತ್ತದೆ ಅಂತ. ಕುಂಕುಮವೋ ಮೊಟ್ಟೆಯೋ ಏನಾದರೂ ಗುರುತು ಕಂಡರೆ ಸಾಕು ಅಂತ ನಿಸರ್ಗ ಹೇಳಿದ್ದಳು. ಅದನ್ನು ಅವನಿಗೆ ಕೇಳುವಂತೆ ಗಟ್ಟಿಯಾಗಿ ಮತ್ತೊಮ್ಮೆ ಹೇಳಿದವಳು ನಾನು. ದೇವರನ್ನು ಗೋಡೆಯಿಂದ ಇಳಿಸಿದ ಅಪ್ಪ ಗುಡ್ಡದ ತುಂಬ ಸುಳ್ಳು ದೇವರನ್ನು ಕೂರಿಸಿದ್ದ. ಉಡ ಒಂದೂ ಎಲ್ಲಿಗೂ ಹೋಗಿರಲಿಲ್ಲ. ಕುಂಕುಮ ಬಿದ್ದ ಹುತ್ತಗಳನ್ನು ಎಣಿಸಿದೆ, ಹತ್ತೊಂಬತ್ತು ಇದ್ದವು.

ಅರಕಲಗೂಡು ತಲುಪಿದಾಗ ಎರಡು ಗಂಟೆ. ರೇಂಜ್ ಆಫೀಸಿನ ಒಳಗೆ ಕಾಲಿಟ್ಟೆ. ಅಪ್ಪ ಮೇಜಿನ ಮುಂದೆ ನಿಂತಿದ್ದ. ರವೀಂದ್ರ ಅವರ ಕೈಯಲ್ಲಿ ಪೆನ್ನಿತ್ತು. ಅಪ್ಪ ಹೇಳುತ್ತಿದ್ದ:

"ನಾನೇ ಮಾರ್ದೆ ಸಾ. ಮೂವತ್ತೆಂಟೂ ನಾನೇ ಮಾರ್ದೆ. ಬರ್ಕಳಿ."

ಐದು ನಿಮಿಷ ಮಾತಾಡಲು ಬಿಡಿ ಅಂತ ಸಾಹೇಬರ ಕಾಲು ಹಿಡಿಯುವುದೊಂದು ಬಾಕಿ. ವೆರಾಂಡದಲ್ಲಿ ಮಾತಾಡಿ ಅಂದರು. ಗಾರ್ಡು ಸ್ವಲ್ಪ ದೂರದಲ್ಲಿ ಮೊಬೈಲು ನೋಡುತ್ತಾ ನಿಂತ. ಅಪ್ಪನ ರಟ್ಟೆ ಹಿಡಿದು, ಬೋರೆಗೆ ಹೋಗಿದ್ದೆ, ಎಲ್ಲ ನೋಡಿದೆ, ಯಾಕೆ ಈ ಸುಳ್ಳು ಅಂತ ಪಿಸುಗುಟ್ಟಿದೆ. ಅವನು ಮೊದಲು ನೋಡಿದ್ದು ಗಾರ್ಡನ್ನು. ಆಮೇಲೆ ನನ್ನನ್ನು.

"ಬಾಯ್ ಮುಚ್ಕಂಡು ಮನೆಗೋಗವ್ವ," ಅಂದ. "ಅವ್ರು ಎಣುಸ್ತಿರೋದು ಉಡನಲ್ಲ, ಚರ್ಮ. ಪರ್ಮಿಟ್ಟು ಅವ್ರ ಎಸ್ರಲ್ಲಿರ್ತದೆ, ಉಡ ನಮ್ಮೋರ ಕೈಲಿರ್ತದೆ. ಏಳು ಅಂತ ಬರ್ದು ಎಪ್ಪತ್ತು ತುಂಬ್ಕಂಡೋಯ್ತಾರೆ. ಸಿಕ್ಕಾಕಂಡಾಗ ಜೈಲಿಗೋಗೋನು ಯಾರು? ನಾ ಓಗಿ ಬಂದಿಲ್ವಾ?"

ಈಗಲೂ ಹೋಗುತ್ತಿದ್ದೀಯಲ್ಲ ಅಂದೆ.

"ಇಪ್ಪತ್ಮೂರು ಬಂದದೆ ಕಣವ್ವ. ಮೂವತ್ತು ಮುಟ್ಟಿಲ್ಲ. ಬೋರೆ ಬಾಗ್ಲಾಕ್ತು. ಮುದುಕ ನಾನು, ನಾಕೈದು ವರ್ಸ ಒಳಗಿದ್ರೆ ಏನೀಗ?"

ಎಂಥ ಹಟ ನೋಡಿ. ಗೋಡೆಗೆ ಉಗುರು ಊರಿದ ಉಡವನ್ನು ಎಳೆದರೂ ಬರುವುದಿಲ್ಲವಲ್ಲ, ಹಾಗೆ ನಿಂತಿದ್ದ. ಅವನ ಮೇಲೆ ಸಿಟ್ಟು ಬಂತು, ಅಳು ಬಂತು, ಇಷ್ಟು ವರ್ಷ ಇವನ ಚೀಲ ನೋಡಿಕೊಂಡು ಬದುಕಿದೆನಲ್ಲ ಅಂತ ನನ್ನ ಮೇಲೇ ಹೇಸಿಗೆಯಾಯಿತು. ನಾನೇ ನಿಸರ್ಗಳಿಗೆ ಹೇಳಿದೆ ಅಂತಲೂ ಅವನಿಗೆ ಹೇಳಿದೆ. ಗೊತ್ತು ಅಂದ. ಚೀಲದ ಗಂಟು ನೀನು ಹಾಕಿದ ಹಾಗಿತ್ತು ಅಂದ.

ಅವನನ್ನು ಬಿಡಿಸಬೇಕಾದರೆ ಉಡ ತೋರಿಸಬೇಕು. ಉಡ ತೋರಿಸಿದರೆ ಅವನು ಮೊಟ್ಟೆ ಹೊತ್ತು ಹತ್ತಿದ ಗುಡ್ಡವೆಲ್ಲ ವ್ಯರ್ಥ. ವೆರಾಂಡದ ಕಟ್ಟೆಯ ಮೇಲೆ ಕುಳಿತು ಲೆಕ್ಕ ಹಾಕಿದೆ. ಅವ್ವನ ಮುಖ ನೆನಪಾಯಿತು. ಅಪ್ಪನ ಕೆಮ್ಮು ಕೇಳಿಸಿತು. ಅಷ್ಟು ಹೊತ್ತಿಗೆ ಒಂದು ದಾರಿ ಹೊಳೆಯಿತು. ಹುತ್ತಕ್ಕೆ ಮೂರರಂತೆ ಹಿಡಿದರೂ ಹತ್ತೊಂಬತ್ತು ಹುತ್ತಕ್ಕೆ ಐವತ್ತೇಳಾಗುತ್ತದೆ, ಅವರಿಗೆ ಬೇಕಾದದ್ದು ಮೂವತ್ತೆಂಟು. ಮೂವತ್ತೆಂಟು ತೋರಿಸಿ ನಿಲ್ಲಿಸಿಬಿಡುವುದು. ಉಳಿದದ್ದು ನಮ್ಮ ಅಪ್ಪ ಮಗಳ ಹೊಟ್ಟೆಯಲ್ಲಿರಲಿ.

ಒಳಗೆ ಹೋಗಿ, ಉಡ ಎಲ್ಲೂ ಹೋಗಿಲ್ಲ ಸಾ, ಹುತ್ತದ ಹತ್ತಿರ ಇವೆ, ಅಪ್ಪ ಹಳೇ ಪಾಪಕ್ಕೆ ಅವಕ್ಕೆ ಮೊಟ್ಟೆ ಇಡುತ್ತಾನೆ, ನೀವು ಪೂಜೆಯ ಜಾಗ ಅಂತ ಆ ಕಡೆ ಎಣಿಸಲಿಲ್ಲ ಅಂದೆ. ರವೀಂದ್ರ ಅವರು ನಂಬಲಿಲ್ಲ. ಮತ್ತೆ ಈ ಮನುಷ್ಯ ಯಾಕೆ ಒಪ್ಪಿಕೊಂಡ ಅಂದರು.

"ಒಂದ್ಸಲ ಒಳಗಿದ್ದು ಬಂದೋನು ಸಾ. ನೀವು ಏನು ಕೇಳಿದ್ರೂ ಊ ಅಂತಾನೆ. ಒಡುದ್ರಾ ಅವನ್ಗೆ?" ಅಂತ ಕೇಳಿದೆ.

ಸಾಹೇಬರ ಪೆನ್ನು ಕೆಳಗಿಳಿಯಿತು. ಯಾರೂ ಮುಟ್ಟಿಲ್ಲಮ್ಮ ಅಂತ ಎರಡು ಸಲ ಹೇಳಿದರು. ಹೊಡೆದಿಲ್ಲ ಅಂತ ನನಗೂ ಗೊತ್ತಿತ್ತು. ಆದರೆ ಆ ಪ್ರಶ್ನೆ ನಾಳೆ ಕೋರ್ಟಿನಲ್ಲೂ ಬರಬಹುದು ಅಂತ ಅವರಿಗೆ ಅನ್ನಿಸಲಿ ಅಂತಲೇ ಕೇಳಿದ್ದು. ನಾಳೆ ಹನ್ನೊಂದರೊಳಗೆ ತೋರಿಸಿದರೆ ಸರಿ, ಇಲ್ಲವಾದರೆ ಈ ಹೇಳಿಕೆಯೇ ಕೋರ್ಟಿಗೆ ಹೋಗುತ್ತದೆ ಅಂದರು. ಬಾಗಿಲ ಹೊರಗೆ ಅಪ್ಪ ಎಲ್ಲ ಕೇಳಿಸಿಕೊಂಡು ಗೋಡೆಗೆ ತಲೆ ಆನಿಸಿ ನಿಂತಿದ್ದ. ನನ್ನತ್ತ ತಿರುಗಲಿಲ್ಲ.

ಮರುದಿನ ಬಿಸಿಲು ಏರುತ್ತಿದ್ದಂತೆ ನಿಸರ್ಗ, ರವೀಂದ್ರ, ಒಬ್ಬ ಗಾರ್ಡು, ನಾನು ಬೋರೆ ಹತ್ತಿದೆವು. ನಿಸರ್ಗಳ ಮುಖ ಬಾಡಿತ್ತು. ಕ್ಷಮಿಸಿ ಅಕ್ಕ ಅಂತ ಮೆಲ್ಲಗೆ ಅಂದಳು. ನಾನು ಮುಂದೆ ನಡೆದೆ. ಬರೆದುಕೊಟ್ಟವಳ ಕ್ಷಮೆ ಯಾರಿಗೆ ಬೇಕು? ಮೊದಲನೇ ಹುತ್ತದ ಹತ್ತಿರ, ಇಪ್ಪತ್ತು ಹೆಜ್ಜೆ ಒಳಗೆ ಹೋಗಬಹುದೇ ಅಂತ ಅವಳು ನಿಂತಳು. ಪೂಜೆ ಮಾಡಿದವನ ಮಗಳು ನಾನೇ ಕರೆಯುತ್ತಿದ್ದೇನೆ, ಬನ್ನಿ ಅಂದೆ.

ಮೂರು, ನಾಲ್ಕು, ಮೂರು, ಐದು. ಗೆರೆ ಹಿಡಿದು ನಡೆದಾಗ ಕಣ್ಣಿಗೆ ಬೀಳದವೂ ಕುಳಿತು ಕಾದರೆ ಮೊಟ್ಟೆಯ ಆಸೆಗೆ ಒಂದೊಂದಾಗಿ ಹೊರಗೆ ಬರುತ್ತಿದ್ದವು. ನಿಸರ್ಗ ಫೋಟೊ ತೆಗೆದು ಬರೆದುಕೊಂಡಳು. ಏಳು ಹುತ್ತ ಆಗುವಷ್ಟರಲ್ಲಿ ಸಾಹೇಬರಿಗೆ ಉಸಿರು ಕಟ್ಟಿತು. ಬಂಡೆಯ ನೆರಳಿನಲ್ಲಿ ಕುಳಿತು, ನೀವು ಮುಂದುವರಿಸಿ ಅಂತ ಕೈ ಬೀಸಿದರು. ಹನ್ನೊಂದನೇ ಹುತ್ತದ ಬಳಿ ಮೂವತ್ತೆಂಟು ತುಂಬಿತು. ಮುಗಿಯಿತು ಅಂದೆ.

ನಿಸರ್ಗ ಮುಂದಕ್ಕೆ ನೋಡುತ್ತಿದ್ದಳು. ಲಂಟಾನದ ಆಚೆ ಇನ್ನೊಂದು ಹುತ್ತ, ಅದಕ್ಕೂ ಹಸಿ ಕುಂಕುಮ. ಅದರ ಪಕ್ಕದ ಬಂಡೆಯ ಮೇಲೆ ಒಂದು ಬಾಲ ಅಲ್ಲಾಡಿತು.

"ಅಲ್ಲಿ ಅಕ್ಕ?" ಅಂದಳು.

"ಅದು ನಮ್ಮನೆ ದೇವ್ರ ಹುತ್ತ," ಅಂದೆ. "ಅಲ್ಲಿಗೆ ಯಾರೂ ಓಗಂಗಿಲ್ಲ."

ನಮ್ಮ ಮನೆಯಲ್ಲಿ ಯಾವ ದೇವರಿದ್ದಾರೆ ಅಂತ ಅವಳು ಕಣ್ಣಾರೆ ನೋಡಿದವಳು. ನನ್ನ ಮುಖವನ್ನೇ ನೋಡಿದಳು. ನಾನೂ ಕಣ್ಣು ಕೀಳಲಿಲ್ಲ. ಆಮೇಲೆ ಅವಳು ಪುಸ್ತಕದಲ್ಲಿ ಒಂದು ಸಾಲು ಬರೆದು ನನಗೆ ಕಾಣುವಂತೆ ತಿರುಗಿಸಿದಳು. ಒಟ್ಟು ಅರವತ್ತೊಂದು, ಉಳಿದದ್ದು ಪೂಜಾಸ್ಥಳ, ಪ್ರವೇಶವಿಲ್ಲ ಅಂತ ಇತ್ತು. ಯಾಕೆ ಹಾಗೆ ಬರೆದಳು ಅಂತ ಇವತ್ತಿಗೂ ನನಗೆ ತಿಳಿಯದು. ಮನಸ್ಸಿನಲ್ಲಿ ಕೃತಜ್ಞತೆ ಹುಟ್ಟಿತು, ಅದರ ಬೆನ್ನಿಗೇ, ಇದನ್ನು ಇಟ್ಟುಕೊಂಡು ನಾಳೆ ಏನು ಕೇಳುತ್ತಾಳೋ ಅಂತಲೂ ಅನ್ನಿಸಿತು. ಏನು ಮಾಡಲಿ, ನನ್ನ ಸ್ವಭಾವವೇ ಅದು.

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಗುಡ್ಡದ ಕೆಳಗಿನಿಂದಲೇ ಸಾಹೇಬರು ಆಫೀಸಿಗೆ ಫೋನು ಮಾಡಿದರು. ಅಪ್ಪನ ಹೇಳಿಕೆ ಹರಿದು ಹಾಕಿ ಬಿಟ್ಟುಬಿಡಿ ಅಂದರು. ನಾನು ಅರಕಲಗೂಡಿಗೆ ಹೋಗಿ ಅವನನ್ನು ಕರೆದುಕೊಂಡು ಬಸ್ಸು ಹತ್ತಿದೆ. ಸೀಟು ಸಿಕ್ಕಿತು. ಬಸ್ಸು ಊರು ದಾಟುವವರೆಗೂ ಅವನು ಕಿಟಕಿಯ ಕಡೆಯೇ ನೋಡುತ್ತಿದ್ದ. ಆಮೇಲೆ ಎಷ್ಟು ತೋರಿಸಿದೆ ಅಂತ ಕೇಳಿದ. ಮೂವತ್ತೆಂಟು, ಎಂಟು ಹುತ್ತ ಉಳಿಸಿದ್ದೇನೆ ಅಂದೆ. ಭೇಷ್ ಅನ್ನುತ್ತಾನೆ ಅಂತ ಕಾದೆ. ಅವನು ಬೆರಳ ಗೆಣ್ಣಿನ ಮೇಲೆ ಹೆಬ್ಬೆರಳು ಸರಿಸುತ್ತಾ ಎಣಿಸುತ್ತಿದ್ದ.

"ನೂರಕ್ಕೆ ಅನ್ನೆರಡಾದ್ರೆ ಅರವತ್ತೊಂದ್ಕೆ ವರ್ಸಕ್ಕೆ ಏಳು," ಅಂದ.

ನಿನ್ನನ್ನು ಜೈಲಿನಲ್ಲಿ ಬಿಡಬೇಕಾಗಿತ್ತೇ ಅಂತ ರೇಗಿದೆ. ಬಸ್ಸಿನವರೆಲ್ಲ ತಿರುಗಿ ನೋಡಿದರು. ಅವನು ನನ್ನ ಮೊಣಕೈ ಮುಟ್ಟಿ, ಹಾಗಲ್ಲ ಕಣವ್ವ ಅಂದ. ಮನೆಗೆ ಬಂದಾಗ ಅವ್ವ ಅತ್ತು, ಕೋಳಿ ಕುಯ್ದು ಸಾರು ಮಾಡಿದಳು. ಅಪ್ಪ ಅನ್ನ ಕಲಸಿಕೊಂಡು ಬಹಳ ಹೊತ್ತು ಕುಳಿತಿದ್ದ.

ವರದಿ ಮೇಲೆ ಹೋಯಿತು. ವರ್ಷ ಕಳೆದು ಈ ಮಾರ್ಚ್‌ನಲ್ಲಿ ಕಲ್ಲುಬೋರೆಗೆ ಒಪ್ಪಿಗೆ ಬಂತು, ವರ್ಷಕ್ಕೆ ಏಳು. ರಜನೀಶ್ ಕಾರಿನಲ್ಲಿ ಬಂದು ನಮ್ಮ ಜಗಲಿಯ ಮೇಲೆ ಕುಳಿತ. ಹಿಡಿಯುವವರಿಗೆ ಗುರುತಿನ ಚೀಟಿ, ದಿನಕ್ಕಿಷ್ಟು ಕೂಲಿ, ವಿಮೆ ಎಲ್ಲ ಉಂಟಂತೆ. ಬೇರೆ ಕಡೆಯ ಇಬ್ಬರು ಸಿದ್ಧರಿದ್ದಾರೆ, ಆದರೆ ಅನುಭವ ಇರುವ ಸ್ಥಳೀಯರಿದ್ದರೆ ಒಳ್ಳೆಯದು ಅಂತ ಸಮಿತಿ ಹೇಳಿದೆ ಅಂದ. ಹೇಳುವಾಗ ಅಪ್ಪನ ಕಡೆ ನೋಡಿ ನಕ್ಕ. ಅವನನ್ನು ಜಗಲಿಯಿಂದ ಎಬ್ಬಿಸಿ ಕಳಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ, ನಾನೇ ಬರುತ್ತೇನೆ ಅಂದುಬಿಟ್ಟ.

ಅವನನ್ನು ಹಿತ್ತಿಲಿಗೆ ಎಳೆದುಕೊಂಡು ಹೋದೆ. ತಲೆ ಕೆಟ್ಟಿದೆಯಾ ನಿನಗೆ, ಇಪ್ಪತ್ತು ವರ್ಷ ಮುಟ್ಟದವನು ಈಗ ಯಾಕೆ ಅಂತ ಕೇಳಿದೆ. ಅಪ್ಪ ಹಿತ್ತಿಲ ಕಲ್ಲಿನ ಮೇಲೆ ಕುಳಿತ.

"ಬ್ಯಾರೆಯೋನು ಬಂದ್ರೆ ಮೊದ್ಲು ಸಿಕ್ಕಿದ್ದ ಹಿಡೀತಾನೆ ಕಣವ್ವ. ಮಳೆ ಬಿದ್ಮ್ಯಾಲೆ ಮೊದ್ಲು ಸಿಗೋದು ಬಸುರಿ ಉಡ. ಒಟ್ಟೆ ಭಾರ, ಓಡಾಕಾಗಲ್ಲ ಅದ್ಕೆ. ನಾನಾದ್ರೆ ಮುದಿಯವ್ನ ಆಯ್ದು ಏಳು ತಗ್ದು ಸುಮ್ಮನಾಯ್ತೀನಿ. ಎಂಟ್ನೇದು ಕೇಳಿದ್ರೆ ಸಿಗಲಿಲ್ಲ ಅಂತೀನಿ."

ಅವನು ಹೇಳಿದ್ದು ಸರಿಯಾಗಿತ್ತು, ಅದೇ ನನ್ನನ್ನು ಕೊಂದದ್ದು. ಅವನನ್ನು ಹೊರಗೆ ತಂದೆ ಅಂತ ಒಂದು ವರ್ಷ ಬೀಗಿದ್ದೆ.

ಜಗಲಿಗೆ ಬಂದು ಅರ್ಜಿ ತುಂಬಿದವಳು ನಾನೇ. ಹೆಸರು ಚಿಕ್ಕಯ್ಯ, ವಯಸ್ಸು ಅರವತ್ತೈದು, ಊರು ಬೋರೆಕೊಪ್ಪಲು. ಯಾವ ಕೆಲಸ ಮಾಡುತ್ತಾನೆ ಅಂತ ಅಪ್ಪನ ಚೀಲ ಬಿಚ್ಚಿದ್ದೆನೋ, ಆ ಕೆಲಸಕ್ಕೆ ನನ್ನ ಕೈಯಾರೆ ಅವನನ್ನು ಸೇರಿಸುತ್ತಿದ್ದೆ. ಅಕ್ಷರ ಅಂಕುಡೊಂಕಾದವು. ಅಪ್ಪ ಸಹಿ ಹಾಕಿ, ಒಂದು ಮಾತು ಸಾ, ಕೆಲಸ ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳಬಹುದಾ, ಮಳೆಗಾಲದಲ್ಲಿ ಬೇಡ ಅಂತ ಕೇಳಿದ.

ರಜನೀಶ್ ಕಾಗದ ಮಡಚಿ ಜೇಬಿಗಿಟ್ಟುಕೊಂಡ. ಪರ್ಮಿಟ್ಟಿನಲ್ಲಿ ತಾರೀಖು ಬಂದುಬಿಟ್ಟಿದೆ, ಜೂನ್ ಒಂದರಿಂದ ಆಗಸ್ಟ್ ಕೊನೆಯವರೆಗೆ ಅಂದ.